ಪಾಠಕ್ಕೆಂದು ಚಿತ್ರೀಕರಿಸಿದ ಶೇಕ್ಸ್‌ಪಿಯರ್

1975ರಲ್ಲಿ ಬಿಬಿಸಿಯ ನಿರ್ಮಾಪಕ ಸೆಡ್ರಿಕ್ ಮೆಸಿನಾ ಸ್ಕಾಟ್ಲೆಂಡಿನ ಗ್ಲಾಮಿಸ್ ಕೋಟೆಯಲ್ಲಿ ಬೇರೊಂದು ನಾಟಕದ ಚಿತ್ರೀಕರಣದಲ್ಲಿ ತೊಡಗಿದ್ದರು. ಕೋಟೆಯ ಸುತ್ತಲಿನ ತೋಟವನ್ನೂ ಮರಗಳನ್ನೂ ಕಂಡಾಗ ಶೇಕ್ಸ್‌ಪಿಯರನ 'ಆಸ್ ಯು ಲೈಕ್ ಇಟ್' ನಾಟಕಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಎಂದು ಅವರಿಗೆ ಅನ್ನಿಸಿತು. ಆ ಒಂದು ನಾಟಕದ ಆಸೆಯೇ ಬೆಳೆದು ಶೇಕ್ಸ್‌ಪಿಯರನ ಎಲ್ಲ ನಾಟಕಗಳನ್ನೂ ಟೆಲಿವಿಷನ್ನಿಗೆ ತರುವ ಯೋಜನೆಯಾಯಿತು. 1978ರ ಡಿಸೆಂಬರ್ 3ರಂದು 'ರೋಮಿಯೊ ಅಂಡ್ ಜೂಲಿಯೆಟ್' ಪ್ರಸಾರವಾಗಿ ಸರಣಿ ಆರಂಭಗೊಂಡಿತು. 1985ರ ಏಪ್ರಿಲ್ 27ರಂದು 'ಟೈಟಸ್ ಆಂಡ್ರೊನಿಕಸ್' ಪ್ರಸಾರದೊಡನೆ ಮುಗಿಯಿತು. ಒಟ್ಟು 37 ನಾಟಕಗಳು. ಒಬ್ಬನೇ ನಾಟಕಕಾರನ ಬರಹವನ್ನು ಹೀಗೆ ಇಡಿಯಾಗಿ ಕಿರುತೆರೆಗೆ ಅಳವಡಿಸಿದ ಇಷ್ಟು ದೊಡ್ಡ ಪ್ರಯತ್ನ ಅದಕ್ಕೆ ಮೊದಲು ನಡೆದಿರಲಿಲ್ಲ.

ಪದವಿ ತರಗತಿಗಳಿಗೆ ನಾಟಕ ಪಾಠ ಮಾಡುವ ಕೆಲಸದಲ್ಲಿ ಈ ಸರಣಿಯೊಡನೆ ನನಗೆ ದೀರ್ಘವಾದ ಒಡನಾಟವಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳ ಎದುರು ಇವುಗಳ ತುಣುಕುಗಳನ್ನು ತೋರಿಸಿ, ನಿಲ್ಲಿಸಿ, ಮತ್ತೆ ತೋರಿಸಿ, ಅವರ ಪ್ರಶ್ನೆಗಳನ್ನು ಕೇಳುತ್ತ ಬಂದಿದ್ದೇನೆ. ಪಾಠಕ್ಕೆಂದು ತಯಾರಾಗುವ ನಾಟಕವು ಯಾವ ಪಕ್ಷವನ್ನೂ ವಹಿಸದೆ, ಪಠ್ಯವನ್ನು ಇದ್ದದ್ದು ಇದ್ದ ಹಾಗೆ ತೋರಿಸಬೇಕು ಎಂಬ ನಂಬಿಕೆ ಶಿಕ್ಷಕರಲ್ಲಿಯೂ ಶಿಕ್ಷಣಕ್ಕಾಗಿ ಹಣ ಕೊಡುವವರಲ್ಲಿಯೂ ಬಲವಾಗಿದೆ. ಈ ಸರಣಿ ಆ ನಂಬಿಕೆಯ ಮೇಲೆಯೇ ಹುಟ್ಟಿತು, ಅದರಿಂದಲೇ ಮೊದಮೊದಲು ಸೊರಗಿತು, ಅದನ್ನು ಬಿಟ್ಟುಕೊಟ್ಟಾಗಲೇ ಜೀವ ಪಡೆಯಿತು. ನಾಟಕವನ್ನು ಕಲಿಸಬೇಕಾದರೆ ನಿರ್ದೇಶಕರು ಅದರ ಬಗ್ಗೆ ಒಂದು ನಿರ್ಧಾರಕ್ಕೆ ಬಂದಿರಬೇಕು ಮತ್ತು ಆ ನಿರ್ಧಾರ ನೋಡುವವರ ಕಣ್ಣಿಗೆ ಕಾಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಹಣದ ವಿಚಾರ. ಇಷ್ಟು ದೊಡ್ಡ ಯೋಜನೆಯನ್ನು ಬಿಬಿಸಿ ಒಂದೇ ನಿಭಾಯಿಸುವಂತಿರಲಿಲ್ಲ. ಅಮೆರಿಕದ ಟೈಮ್-ಲೈಫ್ ಸಂಸ್ಥೆ ಜೊತೆಗೂಡಿತು. ಎಕ್ಸಾನ್, ಮೆಟ್ರೊಪಾಲಿಟನ್ ಲೈಫ್, ಮಾರ್ಗನ್ ಗ್ಯಾರಂಟಿ ಟ್ರಸ್ಟ್ ಎಂಬ ಮೂರು ದೊಡ್ಡ ಕಂಪನಿಗಳು ಅಮೆರಿಕದ ಕಡೆಯಿಂದ ಹಣ ಒದಗಿಸಿದವು. ಆ ದೇಶದ ಸಾರ್ವಜನಿಕ ಟೆಲಿವಿಷನ್ನಿನಲ್ಲಿ ಪ್ರಸಾರವಾಗುವುದಲ್ಲದೆ ಶಾಲೆ ಕಾಲೇಜುಗಳಿಗೂ ಇವು ತಲುಪಬೇಕು ಎಂಬುದು ಉದ್ದೇಶದ ಭಾಗವಾಗಿತ್ತು. ಹೀಗಾಗಿ ಕೆಲವು ಷರತ್ತುಗಳು ಬಂದವು. ನಾಟಕ ಎರಡೂವರೆ ಗಂಟೆಯನ್ನು ಮೀರಬಾರದು. ವೇಷಭೂಷಣ ಒಂದೋ ಶೇಕ್ಸ್‌ಪಿಯರನ ಕಾಲದ್ದಾಗಿರಬೇಕು, ಇಲ್ಲವೇ ಕಥೆ ನಡೆಯುವ ಕಾಲದ್ದಾಗಿರಬೇಕು. ಮೋಟಾರ್ ಸೈಕಲ್ ಏರಿ ಬರುವ ಹ್ಯಾಮ್ಲೆಟ್, ಸೂಟು ತೊಟ್ಟ ಜೂಲಿಯಸ್ ಸೀಸರ್ ಬೇಡ. ಹತ್ತಾರು ವರ್ಷ ಗ್ರಂಥಾಲಯಗಳಲ್ಲಿ ಉಳಿಯಬೇಕಾದ ವಸ್ತು ಒಂದು ದಶಕದ ಅಭಿರುಚಿಗೆ ಕಟ್ಟುಬೀಳಬಾರದು ಎಂಬುದು ಇದರ ಹಿಂದಿನ ತರ್ಕ. ಸಮಯದ ಮಿತಿ ಬಹಳ ಕಾಲ ನಿಲ್ಲಲಿಲ್ಲ. 1980ರಲ್ಲಿ ಡೆರೆಕ್ ಜಾಕೊಬಿ ಅಭಿನಯಿಸಿದ 'ಹ್ಯಾಮ್ಲೆಟ್' ಮೂರೂವರೆ ಗಂಟೆಯನ್ನೂ ದಾಟಿತು. ವೇಷದ ನಿಯಮ ಮಾತ್ರ ಬಹುಮಟ್ಟಿಗೆ ಕೊನೆಯವರೆಗೂ ಉಳಿಯಿತು.

ಈ ತರ್ಕವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ರಂಗದ ಮೇಲೆ ಎಂದೂ ನಾಟಕವನ್ನು ಕಾಣದ, ಶೇಕ್ಸ್‌ಪಿಯರನನ್ನು ಟಿಪ್ಪಣಿಗಳ ಪುಸ್ತಕದಲ್ಲಿ ಮಾತ್ರ ಕಂಡ ವಿದ್ಯಾರ್ಥಿಗೆ ಮೊದಲ ಬಾರಿ ತೋರಿಸುವಾಗ ಎಷ್ಟು ಬದಲಿಸಬಹುದು ಎಂಬುದು ನಿಜವಾದ ಪ್ರಶ್ನೆಯೇ. ಆದರೆ ಬದಲಿಸದಿರುವುದು ಎಂದರೇನು ಎಂದು ಕೇಳಿದ ಕೂಡಲೇ ಕಷ್ಟ ಶುರುವಾಗುತ್ತದೆ. ಇದಕ್ಕೆ ಮೆಸಿನಾ ಅವರ ಪ್ರೀತಿಯ 'ಆಸ್ ಯು ಲೈಕ್ ಇಟ್' ನಾಟಕಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಆ ನಾಟಕವನ್ನು ಅವರು ಅಂದುಕೊಂಡಂತೆಯೇ 1978ರಲ್ಲಿ ಗ್ಲಾಮಿಸ್‌ನಲ್ಲಿ, ಬಯಲಿನಲ್ಲಿ ಚಿತ್ರೀಕರಿಸಲಾಯಿತು. ಬೇಸಿಲ್ ಕೋಲ್ಮನ್ ನಿರ್ದೇಶಕರು, ನಾಯಕಿ ರೊಸಾಲಿಂಡ್ ಪಾತ್ರದಲ್ಲಿ ಹೆಲೆನ್ ಮಿರೆನ್. ಆರ್ಡೆನ್ ಕಾಡಿನ ಕಥೆಗೆ ನಿಜವಾದ ಮರ, ನಿಜವಾದ ಹುಲ್ಲು, ನಿಜವಾದ ಬಿಸಿಲು ಒದಗಿತು. ಇದಕ್ಕಿಂತ ಸಹಜವಾದದ್ದು ಇನ್ನೇನಿದೆ ಎಂದು ತೋರಬಹುದು. ಆದರೆ ನೋಡುತ್ತ ಹೋದಂತೆ ಕಾಡು ಕಾಣೆಯಾಗುತ್ತದೆ. ಶೇಕ್ಸ್‌ಪಿಯರನ ಆರ್ಡೆನ್ ಮಾತಿನಿಂದ ಕಟ್ಟಿದ ಕಾಡು. ಅದರಲ್ಲಿ ಸಿಂಹಿಣಿಯೂ ಇದೆ, ಆಲಿವ್ ಮರಗಳೂ ಇವೆ; ಒಬ್ಬನಿಗೆ ಅದು ಚಳಿಗಾಳಿಯ ಜಾಗ, ಇನ್ನೊಬ್ಬನಿಗೆ ಸುವರ್ಣಯುಗ, ಮೂರನೆಯವನಿಗೆ ಕುರಿಸಾಕಣೆಯ ಬಡ ಬಾಳು. ಶೇಕ್ಸ್‌ಪಿಯರನ ಕಾಲದ ಗ್ಲೋಬ್ ರಂಗಮಂದಿರದ ಬರಿಯ ಹಲಗೆಯ ಮೇಲೆ ನಿಂತ ನಟ ಆಡಿದ ಮಾತಿನಂತೆ ಈ ಕಾಡು ಬದಲಾಗುತ್ತಿತ್ತು. ಸ್ಕಾಟ್ಲೆಂಡಿನ ಒಂದು ನಿರ್ದಿಷ್ಟ ತೋಟವನ್ನು ಕ್ಯಾಮೆರಾ ತೋರಿಸಿದ ಮೇಲೆ ಅದು ಬದಲಾಗಲಾರದು. ಮಾತು ಒಂದು ಕಾಡನ್ನು ಹೇಳುತ್ತದೆ, ಕಣ್ಣು ಇನ್ನೊಂದನ್ನು ಕಾಣುತ್ತದೆ, ಕಣ್ಣೇ ಗೆಲ್ಲುತ್ತದೆ. ಪಠ್ಯಕ್ಕೆ ಅತ್ಯಂತ ನಿಷ್ಠವಾಗಿರುವಂತೆ ಕಂಡ ಆಯ್ಕೆಯೇ ಪಠ್ಯದ ಮುಖ್ಯ ಶಕ್ತಿಯನ್ನು ಕಿತ್ತುಕೊಂಡಿತು. ಹೆಲೆನ್ ಮಿರೆನ್ ಅವರ ಜಾಣತನ, ಲವಲವಿಕೆ ಎರಡೂ ಅಲ್ಲಿವೆ. ಆದರೆ ಆಕೆ ಕಟ್ಟಬೇಕಾದ ಲೋಕವನ್ನು ಬೆಳಗಿನ ಬೆಳಕು ಆಗಲೇ ಕಟ್ಟಿ ಮುಗಿಸಿರುತ್ತದೆ.

ಅದೇ ಮೊದಲ ವರ್ಷದ 'ಎಂಟನೆಯ ಹೆನ್ರಿ'ಯನ್ನೂ ಇಂಗ್ಲೆಂಡಿನ ಹಳೆಯ ಕೋಟೆಗಳಲ್ಲಿಯೇ ಚಿತ್ರೀಕರಿಸಲಾಯಿತು. ಅಲ್ಲಿ ಕಲ್ಲಿನ ಗೋಡೆ, ಇಕ್ಕಟ್ಟಾದ ಓಣಿ, ಪಿಸುಮಾತು ಎಲ್ಲವೂ ಒಂದಕ್ಕೊಂದು ಹೊಂದಿಕೊಂಡವು, ಏಕೆಂದರೆ ಆ ನಾಟಕ ನಿಜವಾಗಿಯೂ ಅರಮನೆಯ ಕೋಣೆಗಳ ನಾಟಕ. ಉಳಿದವೆಲ್ಲ ಸ್ಟುಡಿಯೊಗೆ ಮರಳಿದವು. ಮೊದಲೆರಡು ವರ್ಷದ ಹಲವು ನಾಟಕಗಳ ಸ್ಟುಡಿಯೊ ಸಜ್ಜಿಕೆಗಳಲ್ಲಿ ನನಗೆ ಕಾಣುವುದು ಒಂದು ಬಗೆಯ ಅಂಜಿಕೆ: ಪೂರ್ತಿ ನಿಜವೂ ಅಲ್ಲದ, ಪೂರ್ತಿ ರಂಗವೂ ಅಲ್ಲದ ಬೀದಿಗಳು, ಕಂಬಗಳು, ಯಾರೂ ಆಕ್ಷೇಪಿಸಲಾರದ ಉಡುಪುಗಳು. 'ರೋಮಿಯೊ ಅಂಡ್ ಜೂಲಿಯೆಟ್'ನಲ್ಲಿ ಜಾನ್ ಗಿಲ್‌ಗುಡ್ ಅವರಂಥ ಹಿರಿಯ ನಟ ಸೂತ್ರಧಾರನ ಸಾಲುಗಳನ್ನು ಹೇಳುತ್ತಾರೆ. ಜೂಲಿಯೆಟ್ ಪಾತ್ರ ವಹಿಸಿದ ರೆಬೆಕಾ ಸೈರ್ ಅವರಿಗೆ ಆಗ ಹದಿನಾಲ್ಕರ ವಯಸ್ಸು, ಪಠ್ಯದ ಜೂಲಿಯೆಟ್‌ಗೆ ಹತ್ತಿರದ ವಯಸ್ಸು. ಎಲ್ಲವೂ ಸರಿಯಾಗಿದೆ. ತರಗತಿಯಲ್ಲಿ ಅದನ್ನು ತೋರಿಸಿದರೆ ವಿದ್ಯಾರ್ಥಿಗಳು ವಿಧೇಯವಾಗಿ ನೋಡುತ್ತಾರೆ, ಕಥೆ ಸರಿಯಾಗಿ ನೆನಪಿಟ್ಟುಕೊಳ್ಳುತ್ತಾರೆ, ಪ್ರಶ್ನೆ ಕೇಳುವುದಿಲ್ಲ.

1980ರ ಹೊತ್ತಿಗೆ ಸರಣಿಯ ಹೊಣೆ ಜೊನಾಥನ್ ಮಿಲ್ಲರ್ ಅವರಿಗೆ ಬಂತು. ವೈದ್ಯಶಾಸ್ತ್ರ ಓದಿ, ರಂಗಭೂಮಿ ಮತ್ತು ಟೆಲಿವಿಷನ್ ಎರಡರಲ್ಲಿಯೂ ಹೆಸರು ಮಾಡಿದ್ದ ಅವರು ಷರತ್ತುಗಳನ್ನು ಮುರಿಯುವಂತಿರಲಿಲ್ಲ. ಆದರೆ ಅವುಗಳ ಒಳಗೆಯೇ ಒಂದು ದಾರಿಯನ್ನು ಕಂಡುಕೊಂಡರು. ಶೇಕ್ಸ್‌ಪಿಯರನ ಕಾಲದ ವೇಷವೇ ಬೇಕೆಂದಾದರೆ, ಆ ಕಾಲದ ಜನ ಜಗತ್ತನ್ನು ಹೇಗೆ ಚಿತ್ರಿಸಿಕೊಂಡಿದ್ದರು ಎಂಬುದನ್ನು ಚಿತ್ರಕಾರರಿಂದ ಕಲಿಯೋಣ ಎಂಬುದು ಅವರ ನಿಲುವು. ಹೀಗಾಗಿ ಅವರ 'ಆಂಟನಿ ಅಂಡ್ ಕ್ಲಿಯೊಪಾತ್ರ'ದಲ್ಲಿ ಪುರಾತತ್ವ ಇಲಾಖೆಯ ಈಜಿಪ್ಟ್ ಇಲ್ಲ. ವೆರೊನೀಸೆಯಂಥ ವೆನಿಸ್ ಚಿತ್ರಕಾರರು ಪ್ರಾಚೀನ ಲೋಕಕ್ಕೆ ತಮ್ಮ ಕಾಲದ ರೇಷ್ಮೆಯನ್ನೇ ತೊಡಿಸಿ ಚಿತ್ರಿಸಿದ ಬಗೆ ಇದೆ. ಇಲೈಜಾ ಮೊಶಿನ್‌ಸ್ಕಿ ನಿರ್ದೇಶಿಸಿದ, 1981ರಲ್ಲಿ ಪ್ರಸಾರವಾದ 'ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್' ಈ ದಾರಿಯ ಅತ್ಯುತ್ತಮ ಫಲ ಎಂದು ನಾನು ತಿಳಿದಿದ್ದೇನೆ. ವರ್ಮೀರ್, ರೆಂಬ್ರಾಂಟ್, ಲಾ ತೂರ್ ಅವರ ಚಿತ್ರಗಳಂತೆ ಕಿಟಕಿಯ ಬೆಳಕು, ಮೇಣದ ಬತ್ತಿಯ ಬೆಳಕು, ಕೋಣೆಯೊಳಗಿನ ಕೋಣೆ. ಟೆಲಿವಿಷನ್ ಪರದೆ ಚಿಕ್ಕದು, ಚಪ್ಪಟೆಯಾದದ್ದು, ನಾಲ್ಕು ಅಂಚುಗಳುಳ್ಳದ್ದು. ಅದನ್ನು ರಂಗಸ್ಥಳವಾಗಿಸಲು ಹೆಣಗುವ ಬದಲು ಚಿತ್ರಪಟವೆಂದೇ ಒಪ್ಪಿಕೊಂಡದ್ದರಿಂದ ಅದರ ಚಿಕ್ಕತನವೇ ಗುಣವಾಯಿತು. ಆ ನಾಟಕದ ನಾಯಕಿ ಹೆಲೆನಾ ಒಂಟಿಯಾಗಿ ಕಿಟಕಿಯ ಬಳಿ ನಿಂತಾಗ ಅವಳ ಹಟ, ಅವಳ ಅವಮಾನ ಎರಡೂ ಮಾತಿಗೆ ಮೊದಲೇ ಗೊತ್ತಾಗುತ್ತವೆ.

ಆದರೂ ಚಿತ್ರಪಟದ ದಾರಿಗೆ ಒಂದು ಮಿತಿಯಿದೆ. ಅಲ್ಲಿ ನೋಡುವವನು ಹೊರಗೇ ಉಳಿಯುತ್ತಾನೆ. ರಂಗನಾಟಕದ ಮೂಲ ಒಪ್ಪಂದವೇ ಬೇರೆ: ನಟ ಪ್ರೇಕ್ಷಕನನ್ನು ನೋಡುತ್ತಾನೆ, ಅವನೊಡನೆ ಮಾತಾಡುತ್ತಾನೆ, ಇಬ್ಬರೂ ಸೇರಿ ಇದು ಯುದ್ಧಭೂಮಿ ಎಂದರೆ ಯುದ್ಧಭೂಮಿ. ಆ ಒಪ್ಪಂದವನ್ನು ಕಿರುತೆರೆಗೆ ತಂದವರು ಜೇನ್ ಹೊವೆಲ್. ಈ ಸರಣಿಯಿಂದ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದರೆ ನಾನು ಆಕೆಯ 'ಆರನೆಯ ಹೆನ್ರಿ'ಯ ಮೂರು ಭಾಗ ಮತ್ತು 'ಮೂರನೆಯ ರಿಚರ್ಡ್' ಸೇರಿದ ನಾಲ್ಕು ನಾಟಕಗಳ ಗುಚ್ಛವನ್ನು ಉಳಿಸಿಕೊಳ್ಳುತ್ತೇನೆ. ಇವು 1983ರ ಜನವರಿಯಲ್ಲಿ ವಾರಕ್ಕೊಂದರಂತೆ ಬಿಬಿಸಿಯಲ್ಲಿ ಪ್ರಸಾರವಾದವು.

ಶೇಕ್ಸ್‌ಪಿಯರನ ಎಳವೆಯ ಈ ಇತಿಹಾಸ ನಾಟಕಗಳಲ್ಲಿ ಫ್ರಾನ್ಸಿನೊಡನೆ ಯುದ್ಧ, ಇಂಗ್ಲೆಂಡಿನ ಎರಡು ಮನೆತನಗಳ ನಡುವಿನ ಅಂತರ್ಯುದ್ಧ, ದಂಗೆ, ಕೊಲೆ ಒಂದರ ಬೆನ್ನಿಗೆ ಒಂದು ಬರುತ್ತವೆ. ಹೆಸರುಗಳನ್ನು ನೆನಪಿಡುವುದೇ ಕಷ್ಟ. ಹೊವೆಲ್ ಮತ್ತು ವಿನ್ಯಾಸಕಾರ ಆಲಿವರ್ ಬೇಲ್ಡನ್ ಇದಕ್ಕೆ ಕೋಟೆಗಳನ್ನು ಕಟ್ಟಲಿಲ್ಲ. ಮಕ್ಕಳು ಹತ್ತಿ ಇಳಿದು ಆಡುವ ಮರದ ಆಟದಂಗಳವನ್ನು ಹೋಲುವ ಒಂದೇ ಸಜ್ಜಿಕೆ: ಅಟ್ಟಣಿಗೆಗಳು, ಏಣಿಗಳು, ತಳ್ಳಿದರೆ ತೆರೆದುಕೊಳ್ಳುವ ಬಾಗಿಲುಗಳು, ಗಾಢವಾದ ಬಣ್ಣಗಳು. ನಾಲ್ಕೂ ನಾಟಕ ಅಲ್ಲಿಯೇ ನಡೆಯುತ್ತವೆ. ಮೊದಲ ಭಾಗದಲ್ಲಿ ಗ್ಲಾಸ್ಟರ್ ದೊರೆ ಮತ್ತು ವಿಂಚೆಸ್ಟರಿನ ಬಿಷಪ್ ಲಂಡನ್ ಗೋಪುರದ ಎದುರು ಜಗಳವಾಡುವಾಗ ಇಬ್ಬರೂ ಕುದುರೆಯ ಮೇಲಿದ್ದಾರೆ. ಆದರೆ ಆ ಕುದುರೆಗಳು ನಟರು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿಸುವ ಆಟದ ಕುದುರೆಗಳು. ಇದನ್ನು ಕಂಡ ನನ್ನ ವಿದ್ಯಾರ್ಥಿಗಳಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಜಾತ್ರೆಯ ಕೀಲುಕುದುರೆಯನ್ನು ನೋಡಿದವರಿಗೆ, ಒಂದು ಮಂಚವೇ ಸಿಂಹಾಸನವೂ ರಥವೂ ಆಗುವ ಯಕ್ಷಗಾನವನ್ನು ಕಂಡವರಿಗೆ, ಇದು ಪರಿಚಯದ ಭಾಷೆ. ಇಬ್ಬರು ಅಧಿಕಾರಸ್ಥರ ಜಗಳದ ಹುಡುಗಾಟಿಕೆಯನ್ನು ಆ ಕುದುರೆಗಳು ಒಂದು ಕ್ಷಣದಲ್ಲಿ ಹೇಳಿಬಿಡುತ್ತವೆ.

ನಗು ಬಹಳ ಹೊತ್ತು ಉಳಿಯುವುದಿಲ್ಲ ಎಂಬುದೇ ಹೊವೆಲ್ ಅವರ ನಿರ್ಧಾರದ ಆಳ. ಯುದ್ಧ ಮುಂದುವರಿದಂತೆ ಸಜ್ಜಿಕೆ ಹಾಳಾಗುತ್ತದೆ. ಬಣ್ಣ ಸುಲಿಯುತ್ತದೆ, ಹಲಗೆಗಳು ಮುರಿಯುತ್ತವೆ, ಉಡುಪುಗಳು ಕಪ್ಪಾಗುತ್ತ ಹೋಗುತ್ತವೆ. ಆಟವೆಂದು ಆರಂಭವಾದದ್ದು ಕಗ್ಗೊಲೆಯಾಗಿ ಬೆಳೆದದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಿಂದಿನ ವಾರ ಕಂಡ ಅದೇ ಬಾಗಿಲು ಈ ವಾರ ಸುಟ್ಟಿದೆ. ನಟರ ತಂಡವೂ ಒಂದೇ. ಮೊದಲ ಭಾಗದಲ್ಲಿ ಇಂಗ್ಲೆಂಡಿನ ವೀರ ಟಾಲ್ಬಟ್ ಆಗಿದ್ದ ಟ್ರೆವರ್ ಪೀಕಾಕ್ ಎರಡನೆಯ ಭಾಗದಲ್ಲಿ ದಂಗೆಕೋರ ಜ್ಯಾಕ್ ಕೇಡ್ ಆಗಿ ಬರುತ್ತಾರೆ. ಡೇವಿಡ್ ಬರ್ಕ್ ಸಜ್ಜನ ಗ್ಲಾಸ್ಟರ್ ಆಗಿದ್ದವರು, ಆಮೇಲೆ ಕೇಡ್‌ನ ಬಂಟ, ಕಸಾಯಿ ಡಿಕ್ ಆಗುತ್ತಾರೆ. ದೇಶಕ್ಕಾಗಿ ಕತ್ತಿ ಹಿಡಿದ ಮುಖವೂ ದೇಶದ ಮೇಲೆ ಕತ್ತಿ ಎತ್ತಿದ ಮುಖವೂ ಒಂದೇ ಎಂದು ಕಂಡಾಗ ವಿದ್ಯಾರ್ಥಿಗಳು ಕೂಡಲೇ ಕೇಳುತ್ತಾರೆ: ಇದು ನಟರ ಕೊರತೆಯಿಂದ ಆದದ್ದೋ, ಬೇಕೆಂದೇ ಮಾಡಿದ್ದೋ? ಒಳ್ಳೆಯ ಪಾಠ ಶುರುವಾಗಲು ಇಷ್ಟು ಸಾಕು. ಪಾತ್ರಗಳು ಕ್ಯಾಮೆರಾದತ್ತ ತಿರುಗಿ ನಮ್ಮೊಡನೆ ನೇರವಾಗಿ ಮಾತಾಡುತ್ತವೆ. ರಾನ್ ಕುಕ್ ಅವರ ರಿಚರ್ಡ್ ತನ್ನ ಸಂಚನ್ನು ನಮ್ಮ ಮುಖ ನೋಡಿ ಹೇಳುವಾಗ ಕೇಳಿಸಿಕೊಂಡ ನಾವೂ ಅದರ ಪಾಲುದಾರರಾಗುತ್ತೇವೆ. ಸುಮಾರು ನಾಲ್ಕು ಗಂಟೆಯ ಆ ಕೊನೆಯ ನಾಟಕ ಮುಗಿಯುವಾಗ, ಹೆಣಗಳ ರಾಶಿಯ ಮೇಲೆ ಆರನೆಯ ಹೆನ್ರಿಯ ವಿಧವೆ ಮಾರ್ಗರೆಟ್ ರಾಣಿ ರಿಚರ್ಡನ ಶವವನ್ನು ತೋಳಿನಲ್ಲಿ ಹಿಡಿದು ನಗುತ್ತಾಳೆ. ಈ ದೃಶ್ಯ ಪಠ್ಯದಲ್ಲಿ ಇಲ್ಲ. ಪಠ್ಯ ಶಾಂತಿಯ ಮಾತಿನೊಡನೆ ಮುಗಿಯುತ್ತದೆ. ಆ ಶಾಂತಿಗೆ ತೆತ್ತ ಬೆಲೆಯನ್ನು ಮರೆಯಬೇಡಿ ಎಂದು ನಿರ್ದೇಶಕಿ ಸೇರಿಸಿದ ದೃಶ್ಯ ಅದು. ಪರೀಕ್ಷೆಯಲ್ಲಿ ಇದನ್ನು ಬರೆದರೆ ತಪ್ಪಾಗುವುದಿಲ್ಲವೇ ಎಂದು ಕೇಳುವ ವಿದ್ಯಾರ್ಥಿಗೆ, ಪಠ್ಯದಲ್ಲಿ ಏನಿದೆ, ಹೊವೆಲ್ ಏನು ಸೇರಿಸಿದರು, ಏಕೆ ಸೇರಿಸಿದರು ಎಂದು ಮೂರನ್ನೂ ಬರೆ ಎನ್ನುತ್ತೇನೆ. ಅಂಥ ಉತ್ತರ ಬರೆಯಬಲ್ಲವನು ನಾಟಕವನ್ನು ಓದಲು ಕಲಿತಿರುತ್ತಾನೆ.

ನಿರ್ಧಾರಗಳು ತಪ್ಪಾಗಬಹುದು, ಆಗಿಯೂ ಇವೆ. 'ಒಥೆಲೊ' ಪಾತ್ರಕ್ಕೆ ಅಮೆರಿಕದ ಕಪ್ಪು ಜನಾಂಗದ ಹಿರಿಯ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರನ್ನು ಕರೆತರಬೇಕೆಂದು ಮೆಸಿನಾ ಬಯಸಿದ್ದರು. ಬ್ರಿಟನ್ನಿನ ನಟರ ಸಂಘ ಹೊರದೇಶದ ನಟರಿಗೆ ಒಪ್ಪಲಿಲ್ಲ. ಮುಂದೆ 1981ರಲ್ಲಿ ಮಿಲ್ಲರ್ ಅದನ್ನು ತಾವೇ ನಿರ್ದೇಶಿಸಿ ಬಿಳಿಯ ನಟ ಆಂಥನಿ ಹಾಪ್ಕಿನ್ಸ್ ಅವರಿಗೆ ಆ ಪಾತ್ರ ಕೊಟ್ಟರು. ನಾಟಕದ ಜೀವಾಳ ಅಸೂಯೆ, ಜನಾಂಗವಲ್ಲ ಎಂಬುದು ಅವರ ವಾದ. ಒಥೆಲೊನ ಮನಸ್ಸಿನಲ್ಲಿ ಹೆಂಡತಿಯ ಬಗ್ಗೆ ಅನುಮಾನ ಬಿತ್ತುವ ಇಯಾಗೊ ಆಗಿ ಬಾಬ್ ಹಾಸ್ಕಿನ್ಸ್ ಈ ಪ್ರಯೋಗದಲ್ಲಿ ಮರೆಯಲಾಗದವರು. ಆದರೂ ಮೂರ್, ಅಂದರೆ ಆಫ್ರಿಕ ಮೂಲದ ಕಪ್ಪು ಮನುಷ್ಯನ ಕಥೆಯಿಂದ ಕಪ್ಪು ನಟನನ್ನು ಹೊರಗಿಟ್ಟ ಆ ನಿರ್ಧಾರವನ್ನು ನಾನು ಒಪ್ಪಲಾರೆ. ಮೊದಲ ಅಂಕದಿಂದಲೇ ಇಯಾಗೊ, ರಾಡರಿಗೊ, ಬ್ರಬಾನ್ಶಿಯೊ ಮೂವರೂ ಒಥೆಲೊನ ಮೈಬಣ್ಣವನ್ನೇ ಹಿಡಿದು ಮಾತಾಡುತ್ತಾರೆ; ಅದನ್ನು ಬದಿಗಿಟ್ಟರೆ ಅವನ ಒಳಗೆ ಅನುಮಾನ ಬೇರೂರುವ ನೆಲವೇ ಇಲ್ಲವಾಗುತ್ತದೆ. ರಂಗದ ಮೇಲಿನ ತಪ್ಪು ಆಯ್ಕೆ ಕೆಲವು ವಾರಗಳಲ್ಲಿ ಮರೆಯಾಗುತ್ತದೆ, ಮುಂದಿನ ತಂಡ ಅದನ್ನು ತಿದ್ದುತ್ತದೆ. ಶಿಕ್ಷಣಕ್ಕಾಗಿ ಚಿತ್ರೀಕರಿಸಿದ ನಾಟಕ ಗ್ರಂಥಾಲಯದಲ್ಲಿ ಉಳಿಯುತ್ತದೆ. ಹೊಸದನ್ನು ತರಿಸಲು ಹಣವಿಲ್ಲದ ಕಾಲೇಜಿನಲ್ಲಿ ನಲವತ್ತು ವರ್ಷಗಳ ಅನಂತರವೂ ಅದೇ ಏಕೈಕ ಒಥೆಲೊ ಆಗಿರುತ್ತದೆ. ಇದರಿಂದ ನಿರ್ದೇಶಕರು ನಿರ್ಧಾರ ಮಾಡಲು ಹೆದರಬೇಕು ಎಂದು ನಾನು ಹೇಳುವುದಿಲ್ಲ. ಒಂದೇ ಪ್ರಯೋಗವನ್ನು ತೋರಿಸಿ ಇದೇ ನಾಟಕ ಎನ್ನುವ ಶಿಕ್ಷಕರು ಹೆದರಬೇಕು.

ಈ ಕಾರಣಕ್ಕಾಗಿಯೇ ಇಡೀ ನಾಟಕವನ್ನು ಒಮ್ಮೆ ತೋರಿಸುವುದಕ್ಕಿಂತ ಒಂದೇ ದೃಶ್ಯವನ್ನು ಎರಡು ಪ್ರಯೋಗಗಳಲ್ಲಿ ತೋರಿಸುವುದು ಹೆಚ್ಚು ಕಲಿಸುತ್ತದೆ ಎಂದು ಕಂಡುಕೊಂಡಿದ್ದೇನೆ. 'ಮ್ಯಾಕ್‌ಬೆತ್' ನಾಟಕದ ಔತಣದ ದೃಶ್ಯ ಇದಕ್ಕೆ ಹೇಳಿ ಮಾಡಿಸಿದಂತಿದೆ. 1623ರ ಮುದ್ರಿತ ಪಠ್ಯದ ರಂಗಸೂಚನೆ, ಮ್ಯಾಕ್‌ಬೆತ್ ಕೊಲ್ಲಿಸಿದ ಬಾಂಕೊನ ಪ್ರೇತ ಬಂದು ಮ್ಯಾಕ್‌ಬೆತ್‌ನ ಆಸನದಲ್ಲಿ ಕೂರುತ್ತದೆ ಎನ್ನುತ್ತದೆ. 1611ರಲ್ಲಿ ಗ್ಲೋಬ್‌ನಲ್ಲಿ ಈ ನಾಟಕ ನೋಡಿದ ಸೈಮನ್ ಫೋರ್ಮನ್ ಎಂಬಾತನೂ ಪ್ರೇತ ಬಂದು ಕುರ್ಚಿಯಲ್ಲಿ ಕೂತದ್ದನ್ನು ಬರೆದಿಟ್ಟಿದ್ದಾನೆ. ರೊಮಾನ್ ಪೊಲಾನ್‌ಸ್ಕಿ 1971ರ ಚಲನಚಿತ್ರದಲ್ಲಿ ರಕ್ತ ಸುರಿಯುವ ಬಾಂಕೊನನ್ನು ತೋರಿಸುತ್ತಾರೆ. ಆದರೆ ಟ್ರೆವರ್ ನನ್ ಅವರ ಪ್ರಯೋಗದಲ್ಲಿ ಆಸನ ಖಾಲಿಯೇ ಇರುತ್ತದೆ. 1976ರಲ್ಲಿ ಸ್ಟ್ರಾಟ್‌ಫರ್ಡಿನ ಪುಟ್ಟ ರಂಗಮಂದಿರವೊಂದರಲ್ಲಿ ಆರಂಭವಾದ ಈ ಪ್ರಯೋಗವನ್ನು ಥೇಮ್ಸ್ ಟೆಲಿವಿಷನ್ ಚಿತ್ರೀಕರಿಸಿ 1979ರಲ್ಲಿ ಪ್ರಸಾರ ಮಾಡಿತು. ಇಯಾನ್ ಮೆಕೆಲನ್ ಮ್ಯಾಕ್‌ಬೆತ್, ಜೂಡಿ ಡೆಂಚ್ ಲೇಡಿ ಮ್ಯಾಕ್‌ಬೆತ್. ಸುತ್ತಲೂ ಕಪ್ಪು ಕತ್ತಲು, ಕೂರಲು ಕೆಲವು ಪೆಟ್ಟಿಗೆಗಳು, ಹತ್ತಿರದಿಂದ ಕಾಣುವ ಮುಖಗಳು, ಅಷ್ಟೇ. ಮೆಕೆಲನ್ ಬರಿಯ ಜಾಗವನ್ನು ದಿಟ್ಟಿಸಿ ಬೆವರುವಾಗ ನಾವು ಅತಿಥಿಗಳ ಕಣ್ಣಿನಿಂದ ನೋಡುತ್ತೇವೆ, ನಮಗೂ ಏನೂ ಕಾಣುವುದಿಲ್ಲ. ಪ್ರೇತ ಕಾಣಿಸಿದ್ದರೆ ಮ್ಯಾಕ್‌ಬೆತ್‌ನ ಕಣ್ಣಿನಿಂದ ನೋಡುತ್ತಿದ್ದೆವು. ಎರಡನ್ನೂ ನೋಡಿದ ಮೇಲೆ ತರಗತಿ ಎರಡು ಪಂಗಡವಾಗುತ್ತದೆ. ಪಠ್ಯ ತೆರೆದು ಸಾಲುಗಳನ್ನು ಹುಡುಕಿ ವಾದಿಸುತ್ತಾರೆ. ರಂಗಸೂಚನೆಯನ್ನು ಮೀರುವ ಹಕ್ಕು ನಿರ್ದೇಶಕನಿಗೆ ಇದೆಯೇ ಎಂಬ ಪ್ರಶ್ನೆ ನಾನು ಎತ್ತದೆಯೇ ಬರುತ್ತದೆ.

ಚಿತ್ರೀಕರಿಸಿದ ನಾಟಕಗಳು ಕಲಿಸುವ ಇನ್ನೊಂದು ಸಂಗತಿ ಕೇಳುವವರ ಮುಖಗಳಿಗೆ ಸಂಬಂಧಿಸಿದೆ. ರಂಗದಲ್ಲಿ ಮಾತಾಡುವವನ ಬದಲು ಕೇಳಿಸಿಕೊಳ್ಳುವವನನ್ನು ನೋಡುವ ಸ್ವಾತಂತ್ರ್ಯ ಪ್ರೇಕ್ಷಕನಿಗೆ ಇರುತ್ತದೆ. 'ಮೆಷರ್ ಫಾರ್ ಮೆಷರ್' ನಾಟಕದ ಕೊನೆಯಲ್ಲಿ ದೊರೆ ಇಸಬೆಲಾಳನ್ನು ಮದುವೆಗೆ ಕೇಳುತ್ತಾನೆ, ಅವಳಿಗೆ ಉತ್ತರವಾಗಿ ಒಂದು ಸಾಲನ್ನೂ ಶೇಕ್ಸ್‌ಪಿಯರ್ ಬರೆದಿಲ್ಲ. ರಂಗದಲ್ಲಿ ನಾವು ಅವಳನ್ನು ನೋಡುತ್ತಲೇ ಇರಬಹುದು. ಟೆಲಿವಿಷನ್ ಸ್ಟುಡಿಯೊದಲ್ಲಿ ನಾಲ್ಕೈದು ಕ್ಯಾಮೆರಾಗಳ ಚಿತ್ರಗಳ ನಡುವೆ ಯಾವುದು ತೆರೆಗೆ ಹೋಗಬೇಕು ಎಂಬುದನ್ನು ಮೇಲಿನ ಕೋಣೆಯಲ್ಲಿ ಕುಳಿತವರು ನಿರ್ಧರಿಸಿರುತ್ತಾರೆ. ಮಾತಿದ್ದ ಕಡೆಗೇ ಕ್ಯಾಮೆರಾ ತಿರುಗಿದರೆ ಮೌನ ಅಳಿಸಿಹೋಗುತ್ತದೆ. ಪಠ್ಯವನ್ನು ಮಾತುಗಳ ಸಾಲೆಂದು ಮಾತ್ರ ತಿಳಿದ ಶೈಕ್ಷಣಿಕ ಚಿತ್ರೀಕರಣಗಳಲ್ಲಿ ಇದು ಪದೇ ಪದೇ ನಡೆಯುತ್ತದೆ, ಮತ್ತು ವಿದ್ಯಾರ್ಥಿಗೆ ತಾನು ಏನನ್ನು ಕಳೆದುಕೊಂಡೆ ಎಂಬುದೂ ತಿಳಿಯುವುದಿಲ್ಲ.

ಮಕ್ಕಳಿಗೆಂದು ಮಾಡುವಾಗ ಪ್ರಶ್ನೆ ಬೇರೆಯಾಗುತ್ತದೆ. 1992 ಮತ್ತು 1994ರಲ್ಲಿ ವೇಲ್ಸ್‌ನ ಎಸ್4ಸಿ ವಾಹಿನಿ ಮತ್ತು ಮಾಸ್ಕೊದ ಅನಿಮೇಷನ್ ಕಲಾವಿದರು ಸೇರಿ ಹನ್ನೆರಡು ನಾಟಕಗಳನ್ನು ಅರ್ಧ ಗಂಟೆಯ ಅನಿಮೇಷನ್ ಚಿತ್ರಗಳಾಗಿ ಮಾಡಿದರು. ಲಿಯಾನ್ ಗಾರ್ಫೀಲ್ಡ್ ಪಠ್ಯವನ್ನು ಸಂಕ್ಷೇಪಿಸಿದರು. ಸೂತ್ರಧಾರನ ಮಾತನ್ನು ಬಿಟ್ಟರೆ ಪಾತ್ರಗಳ ಬಾಯಲ್ಲಿ ಉಳಿದದ್ದು ಶೇಕ್ಸ್‌ಪಿಯರನ ಸಾಲುಗಳೇ. 'ಹ್ಯಾಮ್ಲೆಟ್' ಚಿತ್ರವನ್ನು ಗಾಜಿನ ಮೇಲೆ ಬಣ್ಣ ಬಳಿದು ಗೀರಿ ಮಾಡಿದ್ದಾರೆ. ಒಂದು ಚಿತ್ರ ಅಳಿದು ಇನ್ನೊಂದಾಗುವ ಆ ವಿಧಾನ ಪ್ರೇತ, ಮಂಜು, ಅನುಮಾನಗಳ ನಾಟಕಕ್ಕೆ ಎಷ್ಟು ಒಪ್ಪುತ್ತದೆ ಎಂದರೆ, ದೊಡ್ಡವರಿಗೂ ಅದನ್ನು ತೋರಿಸುತ್ತೇನೆ. ಹತ್ತರಲ್ಲಿ ಒಂದು ಪಾಲು ಪಠ್ಯವೂ ಅಲ್ಲಿ ಉಳಿಯಲಿಕ್ಕಿಲ್ಲ. ಆದರೂ ಅದು ತಾನು ಇಡೀ ನಾಟಕ ಎಂದು ಹೇಳಿಕೊಳ್ಳುವುದಿಲ್ಲ. ಬಾಗಿಲು ತೆರೆಯುವುದಷ್ಟೇ ತನ್ನ ಕೆಲಸ ಎಂದು ಅದಕ್ಕೆ ಗೊತ್ತಿದೆ.

ನಮ್ಮಲ್ಲಿಯೂ ಶಿಕ್ಷಣಕ್ಕಾಗಿ ಟೆಲಿವಿಷನ್ ಬಳಸಿದ ಇತಿಹಾಸ ಚಿಕ್ಕದೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಅವುಗಳಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. 1984ರ ಆಗಸ್ಟ್ 15ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಲೇಜು ವಿದ್ಯಾರ್ಥಿಗಳಿಗಾಗಿ ದೂರದರ್ಶನದಲ್ಲಿ ಪಾಠಗಳನ್ನು ಆರಂಭಿಸಿತು. ಬೇಸಾಯ, ಆರೋಗ್ಯ, ವಿಜ್ಞಾನಗಳಿಗೆ ಸಿಕ್ಕ ಗಮನ ನಾಟಕಕ್ಕೂ ಸಿಗಬೇಕಿತ್ತು ಎಂಬ ಕೊರಗು ನನಗಿದೆ. ಅಳವಡಿಕೆಯಲ್ಲಿ ಧೈರ್ಯವೆಂದರೇನು ಎಂಬುದನ್ನು ಕಲಿಯಲು ಕನ್ನಡಿಗರು ದೂರ ಹೋಗಬೇಕಾಗಿಯೇ ಇರಲಿಲ್ಲ. ಕುವೆಂಪು ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್‌ನ ಕಥೆಯನ್ನು 'ರಕ್ತಾಕ್ಷಿ'ಯಲ್ಲಿ ಬಿದನೂರಿನ ಅರಸುಮನೆತನಕ್ಕೆ ತಂದು ನಿಲ್ಲಿಸಿದ್ದು ಡೆನ್ಮಾರ್ಕನ್ನು ಅಲಂಕರಿಸಲು ಅಲ್ಲ, ಆ ಸೇಡಿನ ಕಥೆ ನಮ್ಮ ಇತಿಹಾಸದಲ್ಲಿ ಎಲ್ಲಿ ಬೇರು ಬಿಡಬಲ್ಲದು ಎಂದು ಅವರು ಯೋಚಿಸಿ ನಿರ್ಧರಿಸಿದ್ದರಿಂದ.

ಈಗ ಪಠ್ಯಪುಸ್ತಕವಾಗಿ ಊರೂರಿನ ಕಾಲೇಜು ತಲುಪಿರುವ ಗಿರೀಶ ಕಾರ್ನಾಡರ 'ತುಘಲಕ್' ನಾಟಕವನ್ನು ಯಾರಾದರೂ ತರಗತಿಗಳಿಗೆಂದು ಚಿತ್ರೀಕರಿಸಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆಯನ್ನು ಕಾರ್ನಾಡರೇ ಮುಂದಿಟ್ಟಿದ್ದಾರೆ. ಪಾರ್ಸಿ ನಾಟಕ ಕಂಪನಿಗಳಲ್ಲಿ ರಂಗದ ಮುಂಭಾಗದಲ್ಲಿ, ಪರದೆಯ ಎದುರು ಆಡುವ ದೃಶ್ಯಗಳು ಸಾಮಾನ್ಯ ಜನರಿಗೆ, ಹಾಸ್ಯಕ್ಕೆ ಮೀಸಲು. ಪರದೆ ಸರಿದ ಮೇಲೆ ಕಾಣುವ ಆಳವಾದ ರಂಗ ಅರಮನೆಗೆ, ಅರಸರಿಗೆ. ಇಡೀ ರಂಗವನ್ನು ಬಳಸುವ ದೃಶ್ಯಕ್ಕೆ ಸಜ್ಜಿಕೆ ಬದಲಾಯಿಸುವಷ್ಟರಲ್ಲಿ ಮುಂಭಾಗದ ದೃಶ್ಯ ಆಡಿ ಮುಗಿಯುತ್ತಿತ್ತು. ಈ ಕಟ್ಟನ್ನು ತೆಗೆದುಕೊಂಡು ಕಾರ್ನಾಡರು ವಂಚಕರಾದ ಅಜೀಜ್ ಮತ್ತು ಆಜಂ ಜೋಡಿಗೆ ಮುಂಭಾಗವನ್ನೂ ಸುಲ್ತಾನ ಮಹಮ್ಮದನಿಗೆ ಆಳದ ರಂಗವನ್ನೂ ಕೊಟ್ಟು ಬರೆಯತೊಡಗಿದರು. ಬರೆಯುತ್ತ ಹೋದಂತೆ ಆ ಗೆರೆ ಉಳಿಯಲಿಲ್ಲ, ಕೊನೆಯ ಭಾಗದಲ್ಲಿ ಅಗಸ ಅಜೀಜ್ ಸುಲ್ತಾನನ ಎದುರಿಗೇ ಬಂದು ನಿಂತ. ಸುಲ್ತಾನನ ಆಳ್ವಿಕೆ ಕುಸಿದದ್ದನ್ನು ರಂಗದ ಅಳತೆಯೇ ಹೇಳುವ ನಾಟಕ ಇದು. ದೆಹಲಿಯ ಹಳೆಯ ಕೋಟೆಯಲ್ಲಿಯೋ ದೌಲತಾಬಾದಿನಲ್ಲಿಯೋ ಹೋಗಿ ನಿಜವಾದ ಕಲ್ಲುಗಳ ನಡುವೆ ಚಿತ್ರೀಕರಿಸಿದರೆ ಕಣ್ಣಿಗೆ ಹಬ್ಬವಾದೀತು, ಆದರೆ ಈ ಮುಂಭಾಗ, ಆಳ ಎರಡೂ ಕರಗಿಹೋಗುತ್ತವೆ. ಕಿರುತೆರೆಯ ನಿರ್ದೇಶಕರು ಅದಕ್ಕೆ ತಮ್ಮ ಮಾಧ್ಯಮದಲ್ಲಿ ಸಮನಾದುದನ್ನು ಹುಡುಕಬೇಕು. ಅಜೀಜ್ ಮೊದಲಿನಿಂದಲೂ ಕ್ಯಾಮೆರಾದ ತೀರ ಹತ್ತಿರ, ಹಿನ್ನೆಲೆಯಿಲ್ಲದೆ, ನಮ್ಮೊಡನೆಯೇ ಮಾತಾಡುತ್ತಿರಲಿ. ಮಹಮ್ಮದ ದೂರದಲ್ಲಿ, ದೊಡ್ಡ ಕೋಣೆಯಲ್ಲಿ, ಹಲವರ ನಡುವೆ ಚಿಕ್ಕದಾಗಿ ಕಾಣಲಿ. ದೃಶ್ಯದಿಂದ ದೃಶ್ಯಕ್ಕೆ ಆ ದೂರ ಕಡಿಮೆಯಾಗುತ್ತ ಬಂದು, ಇಬ್ಬರೂ ಎದುರಾದಾಗ ಎರಡು ಮುಖಗಳೂ ಒಂದೇ ಚೌಕಟ್ಟಿನಲ್ಲಿ ಒಂದೇ ಗಾತ್ರಕ್ಕೆ ಬರಲಿ. ಇದು ಒಂದು ದಾರಿ ಮಾತ್ರ, ಇದಕ್ಕಿಂತ ಒಳ್ಳೆಯದನ್ನು ಯಾರಾದರೂ ಯೋಚಿಸಬಹುದು. ಎರಡು ತಂಡಗಳು ಎರಡು ಬೇರೆ ದಾರಿಗಳಲ್ಲಿ ಆ ಒಂದು ದೃಶ್ಯವನ್ನಾದರೂ ಚಿತ್ರೀಕರಿಸಿ ಕೊಟ್ಟರೆ ಸಾಕು, ಅವೆರಡನ್ನೂ ಒಂದೇ ದಿನ ತರಗತಿಯಲ್ಲಿ ತೋರಿಸಲು ನಾನು ಸಿದ್ಧನಿದ್ದೇನೆ.